ಸವೆದಂತೆ ಕಾಣುವ ದಪ್ಪ ಸ್ಯಾನ್ಸ್ ಫಾಂಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಸ್ಟರ್, ಪುಸ್ತಕದ ಮುಖಪುಟ, ಟೀ ಶರ್ಟ್, ಗೇಮ್‌ನ ಹೆಸರು ಹೀಗೆ ಎಲ್ಲೆಲ್ಲೂ ಕಾಣುವ ಫಾಂಟ್ ಬಗೆ ಇದು. ಅಕ್ಷರ ದಪ್ಪ, ಗೆರೆ ನೇರ, ಮೈಮೇಲೆ ಗೀರು, ಅಂಚಿನಲ್ಲಿ ಚಕ್ಕೆ ಎದ್ದ ಗುರುತು. ಬಳಸುವುದು ಸುಲಭ ಅನಿಸುತ್ತದೆ. ಆದರೆ ಹೆಚ್ಚಿನ ಕೆಲಸಗಳಲ್ಲಿ ಅದು ಸುಮ್ನೆ ಅಂಟಿಸಿದ ಹಾಗೆ ಕಾಣುತ್ತದೆ. ಯಾಕೆ ಹಾಗಾಗುತ್ತದೆ, ಹೇಗೆ ಸರಿಪಡಿಸಬಹುದು ಎಂಬುದೇ ಇಲ್ಲಿನ ಬಹುತೇಕ ಪ್ರಶ್ನೆಗಳ ತಿರುಳು.

ಈ ಬಗೆಯ ಫಾಂಟ್ ಎಂದರೆ ಸರಿಯಾಗಿ ಏನು?

ಇದರಲ್ಲಿ ಮೂರು ಗುಣ ಒಟ್ಟಿಗೆ ಇರುತ್ತವೆ. ಒಂದು, ಇದು ಸ್ಯಾನ್ಸ್, ಅಂದರೆ ಅಕ್ಷರದ ತುದಿಗಳಲ್ಲಿ ಸೆರಿಫ್ ಎಂಬ ಚಿಕ್ಕ ಅಡ್ಡಗೀಟು ಇರುವುದಿಲ್ಲ. ಎರಡು, ಗೆರೆ ತುಂಬ ದಪ್ಪ. ಮೂರು, ಅಕ್ಷರದ ಆಕಾರದಲ್ಲೇ ಸವೆತವನ್ನು ಕೆತ್ತಿರುತ್ತಾರೆ. ಅಂದರೆ ಗೀರು, ತೂತು, ಒರಟು ಅಂಚು ಎಲ್ಲವೂ ಫಾಂಟ್ ಫೈಲಿನ ಒಳಗೇ ಇರುತ್ತವೆ. ನೀವು ಟೈಪ್ ಮಾಡಿದ ತಕ್ಷಣ ಸವೆದ ಅಕ್ಷರವೇ ಬರುತ್ತದೆ.

ಇದು ಡಿಸ್‌ಪ್ಲೇ ಫಾಂಟ್. ದೊಡ್ಡದಾಗಿ, ಕೆಲವೇ ಪದಗಳಿಗೆ ಬಳಸಲು ಮಾಡಿದ್ದು. ಲೇಖನದ ಒಡಲಿಗೆ ಅಲ್ಲ.

ದಪ್ಪ ಸ್ಯಾನ್ಸ್ ಅಕ್ಷರವನ್ನೇ ಯಾಕೆ ಸವೆಸುತ್ತಾರೆ? ಬೇರೆ ಅಕ್ಷರಗಳಿಲ್ಲವೇ?

ಸವೆಸಲು ಮೈ ಬೇಕು. ತೆಳು ಅಕ್ಷರದ ಮೇಲೆ ಒಂದು ಗೀರು ಎಳೆದರೆ ಗೆರೆಯೇ ತುಂಡಾಗುತ್ತದೆ. ದಪ್ಪ ಅಕ್ಷರದ ಮೇಲೆ ಹತ್ತು ಗೀರು ಎಳೆದರೂ ಅದು ಏನೆಂದು ತಿಳಿಯುತ್ತದೆ. ಸೆರಿಫ್ ಅಕ್ಷರಗಳಲ್ಲಿ ಆ ಪುಟ್ಟ ಗೀಟುಗಳೇ ಮೊದಲು ಹೋಗುತ್ತವೆ. ಅವು ಅರ್ಧಂಬರ್ಧ ಉಳಿದರೆ ಅಕ್ಷರ ಸವೆದಂತಲ್ಲ, ಮುರಿದಂತೆ ಕಾಣುತ್ತದೆ.

ಇನ್ನೊಂದು ಕಾರಣ ಇತಿಹಾಸದಲ್ಲಿದೆ. ಸೆರಿಫ್ ಇಲ್ಲದ ರೋಮನ್ ಅಚ್ಚುಮೊಳೆ ಮೊದಲು ಕಾಣಿಸಿಕೊಂಡದ್ದು ಲಂಡನ್ನಿನ ವಿಲಿಯಂ ಕ್ಯಾಸ್ಲನ್ ವಂಶದ ನಾಲ್ಕನೆಯವರ ಮಾದರಿ ಪುಸ್ತಕದಲ್ಲಿ, 1816ರ ಸುಮಾರಿಗೆ. ಅದರಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಚ್ಚುಗಳನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಕೊಂಡರು. 1834ರಲ್ಲಿ ವಿಲಿಯಂ ಲೆವನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಎಂಬ, ಮಾದರಿಯನ್ನು ಬೇರೆ ಅಳತೆಗೆ ನಕಲು ಮಾಡುವ ಸಾಧನ ಜೋಡಿಸಿದರು. ಒಂದೇ ಮಾದರಿಯಿಂದ ಚಿಕ್ಕದು, ದೊಡ್ಡದು, ಅಗಲದ್ದು, ಇಕ್ಕಟ್ಟಿನದು ಎಲ್ಲ ಕೊರೆಯಬಹುದಾಯಿತು. ದೊಡ್ಡ ಸೀಸದ ಮೊಳೆಗಳು ಭಾರ, ದುಬಾರಿ. ಮರದವು ಹಗುರ, ಅಗ್ಗ. ಹಾಗಾಗಿ ಜಾಹೀರಾತಿನ ದೊಡ್ಡ ಹಾಳೆಗಳೆಲ್ಲ ಮರದಚ್ಚಿಗೆ ತಿರುಗಿದವು. ಅದೇ ಅಚ್ಚುಗಳನ್ನು ವರ್ಷಗಟ್ಟಲೆ ಬಳಸಿದರು. ಮೂಲೆ ಮುರಿಯಿತು, ಮೈಮೇಲೆ ತಗ್ಗು ಬಿತ್ತು, ಶಾಯಿ ಎಲ್ಲ ಕಡೆ ಸಮನಾಗಿ ಹತ್ತಲಿಲ್ಲ. ದಪ್ಪ ಅಕ್ಷರ, ಒರಟು ಮುದ್ರಣ ಎರಡೂ ಆಗಲೇ ಜೋಡಿಯಾದವು. ಇವತ್ತಿಗೂ ನಮ್ಮ ಕಣ್ಣು ಅವನ್ನು ಒಟ್ಟಿಗೇ ನೋಡುತ್ತದೆ.

ಹಾಗಾದರೆ ಎಲ್ಲ ಸವೆದ ಫಾಂಟ್‌ಗಳೂ ಮರದಚ್ಚನ್ನೇ ಅನುಕರಿಸುತ್ತವೆಯೇ?

ಇಲ್ಲ. ನನ್ನ ಮಟ್ಟಿಗೆ ಇದು ಈ ಪುಟದ ಅತಿ ಮುಖ್ಯ ಪ್ರಶ್ನೆ. ಪ್ರತಿ ಸವೆತಕ್ಕೂ ಒಂದು ಕಾರಣ ಇರುತ್ತದೆ. ಆ ಕಾರಣ ಯಾವುದೆಂದು ಗೊತ್ತಿಲ್ಲದೆ ಫಾಂಟ್ ಆರಿಸಿದರೆ ಕೆಲಸ ಹುಸಿಯಾಗಿ ಕಾಣುತ್ತದೆ. ನೋಡುವವರಿಗೆ ಏನು ತಪ್ಪಾಗಿದೆ ಎಂದು ಹೇಳಲು ಬರದಿರಬಹುದು, ಆದರೆ ಏನೋ ಸರಿ ಇಲ್ಲ ಅಂತ ಅನಿಸಿಯೇ ಅನಿಸುತ್ತದೆ.

ಮರದಚ್ಚಿನ ಮುದ್ರಣದಲ್ಲಿ ಮೂಲೆಗಳು ಸಣ್ಣಗೆ ಮುರಿದಿರುತ್ತವೆ. ಅಕ್ಷರದ ನಡುವೆ ಶಾಯಿ ಹತ್ತದ ಬಿಳಿ ಚುಕ್ಕೆಗಳು ಹರಡಿರುತ್ತವೆ. ಶಾಯಿ ಕಡಿಮೆ ಹಚ್ಚಿದಾಗ ಉಪ್ಪು ಉದುರಿಸಿದಂತೆ ಕಾಣುವ ಚುಕ್ಕೆಗಳು ಇವೇ. ಹಲವು ಫಾಂಟ್‌ಗಳಲ್ಲಿ ಮರದ ಉದ್ದನೆಯ ನಾರಿನ ಗೆರೆಗಳನ್ನು ಹಾಕಿರುತ್ತಾರೆ. ಆದರೆ ಅಮೆರಿಕದ ಮರದಚ್ಚುಗಳನ್ನು ಹೆಚ್ಚಾಗಿ ಗಟ್ಟಿ ಮೇಪಲ್ ಮರದ ಅಡ್ಡಕೊಯ್ತದ ಮುಖದ ಮೇಲೆ ಕೊರೆಯುತ್ತಿದ್ದರು. ಅಂಥ ಮುಖದಲ್ಲಿ ಉದ್ದನೆಯ ನಾರು ಕಾಣುವುದಿಲ್ಲ. ಹಾಗಾಗಿ ಆ ಗೆರೆಗಳು ಹಲಗೆಯ ಮೇಲೆ ಬಣ್ಣದಲ್ಲಿ ಬರೆದ ಅಕ್ಷರಕ್ಕೆ ಹೊಂದುತ್ತವೆ, ಮುದ್ರಣಕ್ಕೆ ಅಲ್ಲ.

ರಬ್ಬರ್ ಸ್ಟಾಂಪಿನ ರೀತಿಯೇ ಬೇರೆ. ಒತ್ತಿದಾಗ ಶಾಯಿ ಅಂಚಿಗೆ ಸರಿಯುತ್ತದೆ. ಅಂಚು ಗಾಢ, ನಡುವೆ ತೆಳು. ಮೂಲೆಗಳು ದುಂಡಗಾಗುತ್ತವೆ. ಒತ್ತಡ ಒಂದು ಬದಿಗೆ ಜಾಸ್ತಿಯಾದರೆ ಇನ್ನೊಂದು ಬದಿ ಮಾಸುತ್ತದೆ.

ಜೆರಾಕ್ಸ್ ಮಾಡಿದ್ದನ್ನೇ ಮತ್ತೆ ಮತ್ತೆ ಜೆರಾಕ್ಸ್ ಮಾಡಿದಾಗ ಅಕ್ಷರದ ಒಳಗಿನ ಬಯಲು ತುಂಬಿಕೊಳ್ಳುತ್ತದೆ, ಸುತ್ತಲೂ ಕರಿ ಚುಕ್ಕೆಗಳು ಏಳುತ್ತವೆ. ಇಲ್ಲಿ ಕೊಳೆ ಅಕ್ಷರದ ಹೊರಗೂ ಇರುತ್ತದೆ. ಉಜ್ಜಿ ಅಂಟಿಸುವ ಲೆಟ್ರಾಸೆಟ್ ಹಾಳೆಗಳ ಅಕ್ಷರ ಹಳೆಯದಾದಾಗ ಕೂದಲೆಳೆಯಂಥ ಬಿರುಕು ಬಿಟ್ಟು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಲೋಹದ ಮೇಲಿನ ಬಣ್ಣ ಕಿತ್ತಾಗ ಅಂಚು ಚೂಪಾಗಿರುತ್ತದೆ. ಕೊರೆದ ಹಾಳೆ ಇಟ್ಟು ಸ್ಪ್ರೇ ಮಾಡಿದರೆ ಅಂಚು ಮಂಜಾಗುತ್ತದೆ, ಅಕ್ಷರದ ನಡುವೆ ಸೇತುವೆ ಉಳಿಯುತ್ತದೆ.

ಹಡಗಿನ ಪೆಟ್ಟಿಗೆಯ ಮೇಲೆ ಬರೆದಂತೆ ಕಾಣಬೇಕಾದ ಶೀರ್ಷಿಕೆಗೆ ಜೆರಾಕ್ಸ್ ಚುಕ್ಕೆಗಳ ಫಾಂಟ್ ಹಾಕಿದರೆ ಹೇಗೆ ನಂಬುವುದು? ಫಾಂಟ್ ಆರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಅಕ್ಷರ ಯಾವುದರ ಮೇಲೆ ಇತ್ತು, ಅದಕ್ಕೆ ಏನಾಯಿತು? ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಗ್ರಂಜ್ ಫಾಂಟ್ ಅಂದರೂ ಇದೇ ಅಲ್ವಾ?

ಹತ್ತಿರದ ನೆಂಟರು, ಆದರೆ ಒಂದೇ ಅಲ್ಲ. ಗ್ರಂಜ್ ಎಂಬುದು 1990ರ ದಶಕದ ಒಂದು ಒಲವು. ಕಂಪ್ಯೂಟರಿನಲ್ಲಿ ಫಾಂಟ್ ಮಾಡುವುದು ಸುಲಭವಾದಾಗ, ಗೆರೆ ತೀರಾ ಸ್ವಚ್ಛವಾಯಿತು ಎಂದು ಬೇಸತ್ತ ವಿನ್ಯಾಸಕರು ಬೇಕೆಂದೇ ಕೆಡಿಸತೊಡಗಿದರು. ಎರಿಕ್ ಫಾನ್ ಬ್ಲಾಕ್‌ಲಂಡ್ 1991ರಲ್ಲಿ ತಂದ ಟ್ರಿಕ್ಸಿ, ಹಳೆ ಟೈಪ್‌ರೈಟರಿನ ಕೊಳೆ ಹಿಡಿದ ಅಕ್ಷರಗಳನ್ನು ಹಾಗೆಯೇ ಹಿಡಿದಿಟ್ಟಿತು. ಯುಸ್ಟ್ ಫಾನ್ ರೋಸಮ್ 1992ರಲ್ಲಿ ಸ್ಟಾಂಪು, ಪೆಟ್ಟಿಗೆ, ಲೇಬಲ್‌ಗಳ ಮೇಲಿನ ಅಕ್ಷರಗಳನ್ನು ಆಧರಿಸಿ ಒಂದು ಫಾಂಟ್ ಗುಂಪನ್ನೇ ಮಾಡಿದರು. ಈ ಇಬ್ಬರೂ ಕೆಡಿಸಿದ್ದಕ್ಕಿಂತ ನೋಡಿ ದಾಖಲಿಸಿದ್ದೇ ಹೆಚ್ಚು. ಅವರ ಕೆಲಸ ಇನ್ನೂ ಹೊಸದಾಗಿ ಕಾಣಲು ಅದೇ ಕಾರಣ ಎಂದು ನಾನು ನಂಬುತ್ತೇನೆ.

ಗ್ರಂಜ್‌ನಲ್ಲಿ ಅಕ್ಷರದ ರೂಪವನ್ನೇ ಒಡೆಯಬಹುದು. ಇಲ್ಲಿ ನಾವು ಮಾತಾಡುತ್ತಿರುವ ಬಗೆಯಲ್ಲಿ ಒಳಗಿನ ಎಲುಬು ಗಟ್ಟಿಯಾಗಿರುತ್ತದೆ, ಮೇಲಿನ ಚರ್ಮ ಮಾತ್ರ ಸವೆದಿರುತ್ತದೆ.

ಎಲ್ಲಿ ಬಳಸಿದರೆ ಚೆನ್ನ?

ಕೆಲವೇ ಪದಗಳು, ದೊಡ್ಡ ಜಾಗ, ಗಟ್ಟಿ ದನಿ ಬೇಕಾದ ಕಡೆ. ಸಂಗೀತ ಕಾರ್ಯಕ್ರಮದ ಪೋಸ್ಟರ್, ಥ್ರಿಲ್ಲರ್ ಕಾದಂಬರಿಯ ಮುಖಪುಟ, ಸಾಕ್ಷ್ಯಚಿತ್ರದ ಹೆಸರು, ಕುಸ್ತಿ ಅಥವಾ ಬಾಕ್ಸಿಂಗ್ ಪಂದ್ಯದ ಪ್ರಕಟಣೆ, ಗೇಮ್‌ನ ಮೊದಲ ಪರದೆ, ಟೀ ಶರ್ಟ್, ಕೈಕೆಲಸದ ಸಾಮಾನುಗಳ ಲೇಬಲ್. ಪ್ರತಿಭಟನೆಯ ಫಲಕಗಳಿಗೂ ಇದು ಹೊಂದುತ್ತದೆ, ಯಾಕೆಂದರೆ ಆ ಫಲಕಗಳನ್ನು ಜನ ಕೈಗೆ ಸಿಕ್ಕ ಸಾಧನದಿಂದ ಅವಸರದಲ್ಲಿ ಮಾಡಿಕೊಂಡು ಬಂದಿದ್ದಾರೆ.

ಒಂದು ಎಚ್ಚರಿಕೆ. ಯುದ್ಧ, ಭೂಕಂಪ, ಬಡತನ ಇಂಥ ವಿಷಯಗಳಿಗೆ ಒಡೆದ ಅಕ್ಷರ ಹಾಕುವುದು ರೂಢಿಯಾಗಿಬಿಟ್ಟಿದೆ. ನಿಜವಾದ ಜನರ ನೋವಿನ ಬಗ್ಗೆ ಬರೆದ ವರದಿಗೆ ಅಲಂಕಾರದ ಬಿರುಕು ಬೇಕಾಗಿಲ್ಲ. ಅಲ್ಲಿ ಸ್ವಚ್ಛವಾದ ದಪ್ಪ ಅಕ್ಷರವೇ ಸಾಕು, ಅದೇ ಗೌರವ.

ಎಲ್ಲಿ ಬೇಡವೇ ಬೇಡ?

ಔಷಧದ ಚೀಟಿ, ಸುರಕ್ಷತೆಯ ಸೂಚನೆ, ದಾರಿ ತೋರಿಸುವ ಫಲಕ, ಅರ್ಜಿ, ಫೋನ್ ನಂಬರ್, ದಿನಾಂಕ, ವಿಳಾಸ. ಅಂಕಿಗಳ ವಿಷಯದಲ್ಲಿ ವಿಶೇಷ ಎಚ್ಚರ ಇರಲಿ. ಸವೆದ 3, 8 ಎರಡೂ ಒಂದೇ ತರ ಕಾಣಬಹುದು. 6ಕ್ಕೂ 0ಗೂ ಇದೇ ಕಷ್ಟ. ಪೋಸ್ಟರಿನ ಶೀರ್ಷಿಕೆ ಸವೆದಿರಲಿ, ದಿನಾಂಕ ಸ್ಪಷ್ಟವಾಗಿರಲಿ.

ಎಷ್ಟು ದೊಡ್ಡದಾಗಿ ಬಳಸಬೇಕು?

ಪರದೆಯ ಮೇಲೆ 40 ಪಿಕ್ಸೆಲ್‌ಗಿಂತ, ಮುದ್ರಣದಲ್ಲಿ 30 ಪಾಯಿಂಟ್‌ಗಿಂತ ಕೆಳಗೆ ಇಳಿಸಬೇಡಿ ಎಂಬುದು ನಾನು ಹೇಳುವ ಲೆಕ್ಕ. ಇದು ನಿಯಮವಲ್ಲ, ಫಾಂಟಿನ ಗೀರು ಎಷ್ಟು ಸಣ್ಣದು ಎಂಬುದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಚಿಕ್ಕದಾದಾಗ ಗೀರುಗಳು ಗೀರಾಗಿ ಕಾಣದೆ ಬೂದು ಮಬ್ಬಾಗುತ್ತವೆ. ಆಗ ಓದುವವರಿಗೆ ಪ್ರಿಂಟರ್ ಕೆಟ್ಟಿದೆಯೇನೋ ಎನಿಸುತ್ತದೆ.

ತೀರಾ ದೊಡ್ಡದು ಮಾಡಿದಾಗಲೂ ತೊಂದರೆ ಇದೆ. ಮೊಬೈಲಿನಲ್ಲಿ ಚೆನ್ನಾಗಿದ್ದ ಒರಟು ಅಂಚು ಹತ್ತು ಅಡಿ ಬ್ಯಾನರಿನಲ್ಲಿ ಮೊಂಡು ಅಲೆಗಳಂತೆ ಕಾಣಬಹುದು. ದೊಡ್ಡ ಬ್ಯಾನರ್ ಮಾಡುವುದಿದ್ದರೆ ಒಂದು ಅಕ್ಷರವನ್ನು ನಿಜ ಅಳತೆಯಲ್ಲಿ ಮೊದಲು ಪ್ರಿಂಟ್ ಹಾಕಿ ನೋಡಿ.

ಒಂದೇ ಅಕ್ಷರ ಎರಡು ಸಲ ಬಂದಾಗ ಎರಡರಲ್ಲೂ ಅದೇ ಗೀರು ಇರುತ್ತದೆ. ಏನು ಮಾಡಲಿ?

ಹುಸಿ ಬಯಲಾಗುವುದು ಇಲ್ಲೇ. ಅಕ್ಕಪಕ್ಕದ ಎರಡು ಅಕ್ಷರಗಳಲ್ಲಿ ಗೀರು, ತೂತು ಎಲ್ಲ ಕೂದಲೆಳೆಯಷ್ಟೂ ಬದಲಾಗದೆ ಇದ್ದರೆ ಯಾರೂ ನಂಬುವುದಿಲ್ಲ.

ಒಳ್ಳೆಯ ಫಾಂಟ್‌ಗಳಲ್ಲಿ ಇದಕ್ಕೆ ದಾರಿ ಇರುತ್ತದೆ. ದೊಡ್ಡಕ್ಷರ ಮಾತ್ರ ಇರುವ ಇಂಗ್ಲಿಷ್ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಸಣ್ಣಕ್ಷರದ ಕೀಲಿಗಳಲ್ಲೂ ದೊಡ್ಡಕ್ಷರವನ್ನೇ ಇಟ್ಟು, ಸವೆತ ಮಾತ್ರ ಬೇರೆ ಮಾಡಿರುತ್ತಾರೆ. ಹಾಗಾಗಿ ಶಿಫ್ಟ್ ಒತ್ತಿ ಒಂದು, ಒತ್ತದೆ ಇನ್ನೊಂದು ಟೈಪ್ ಮಾಡಿದರೆ ಎರಡು ಬೇರೆ ರೂಪ ಸಿಗುತ್ತವೆ. ಇನ್ನೂ ಮುಂದುವರಿದ ಓಪನ್‌ಟೈಪ್ ಫಾಂಟ್‌ಗಳಲ್ಲಿ ಸಂದರ್ಭಕ್ಕೆ ತಕ್ಕ ಬದಲಿ ರೂಪಗಳ ಸೌಲಭ್ಯ ಇರುತ್ತದೆ. ಅದೇ ಅಕ್ಷರ ಮತ್ತೆ ಬಂದಾಗ ಫಾಂಟೇ ಬೇರೆ ರೂಪವನ್ನು ತಂದಿಡುತ್ತದೆ. ನಿಮ್ಮ ಸಾಫ್ಟ್‌ವೇರಿನ ಓಪನ್‌ಟೈಪ್ ಪ್ಯಾನೆಲ್‌ನಲ್ಲಿ ಅದು ಆನ್ ಆಗಿದೆಯೇ ನೋಡಿ.

ಎರಡೂ ಇಲ್ಲದಿದ್ದರೆ ಕೈಕೆಲಸ ಮಾಡಬೇಕು. ಅಕ್ಷರಗಳನ್ನು ಔಟ್‌ಲೈನ್ ಆಗಿ, ಅಂದರೆ ಟೈಪ್ ಮಾಡಿದ ಪಠ್ಯದಿಂದ ಬರೀ ಆಕೃತಿಗಳಾಗಿ ಬದಲಿಸಿ, ಒಂದರ ಕೆಲವು ತೂತು ಮುಚ್ಚಿ, ಬೇರೆ ಜಾಗದಲ್ಲಿ ಒಂದೆರಡು ತೆರೆಯಿರಿ. ಹೆಚ್ಚು ಸಮಯ ಹಿಡಿಯುವುದಿಲ್ಲ, ಫಲ ಮಾತ್ರ ದೊಡ್ಡದು.

ಸವೆದ ಫಾಂಟ್ ಕೊಳ್ಳುವುದಕ್ಕಿಂತ, ಸ್ವಚ್ಛ ಫಾಂಟಿನ ಮೇಲೆ ಟೆಕ್ಸ್ಚರ್ (ಗೀರು, ಕಲೆಗಳ ಚಿತ್ರ) ಹಾಕಿದರೆ ಆಗದೇ?

ಆಗುತ್ತದೆ. ಕೆಲವು ಸಲ ಅದೇ ಉತ್ತಮ. ಯಾವಾಗ ಯಾವುದು ಎಂಬುದು ಮತ್ತೆ ಸವೆತದ ಕಾರಣಕ್ಕೇ ಬಂದು ನಿಲ್ಲುತ್ತದೆ.

ಅಚ್ಚುಮೊಳೆ ಬಿಡಿಬಿಡಿಯಾಗಿ ಸವೆಯುತ್ತದೆ. ಒಂದು ಮೊಳೆಯ ಮೂಲೆ ಮುರಿದಿರುತ್ತದೆ, ಪಕ್ಕದ್ದು ಹೊಸದರಂತೆ ಇರುತ್ತದೆ. ಗೀರು ಒಂದು ಅಕ್ಷರದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಹೀಗಿರುವಾಗ ಸವೆದ ಫಾಂಟ್ ಸರಿಯಾದ ಸಾಧನ, ಏಕೆಂದರೆ ಅಲ್ಲಿಯೂ ಪ್ರತಿ ಅಕ್ಷರಕ್ಕೆ ಅದರದೇ ಸವೆತ.

ಗೋಡೆಯ ಮೇಲಿನ ಬಣ್ಣ ಹಾಗಲ್ಲ. ಗೋಡೆ ಬಿರುಕು ಬಿಟ್ಟರೆ ಬಿರುಕು ನಾಲ್ಕು ಅಕ್ಷರಗಳನ್ನು ಸೀಳಿಕೊಂಡು ಹೋಗುತ್ತದೆ. ಲಾರಿಯ ಬಾಗಿಲಿಗೆ ಗೀರು ಬಿದ್ದರೆ ಇಡೀ ಸಾಲಿನ ಮೇಲೆ ಬೀಳುತ್ತದೆ. ಅಂಥ ನೋಟ ಬೇಕಿದ್ದರೆ ಸ್ವಚ್ಛ ದಪ್ಪ ಫಾಂಟ್ ಇಟ್ಟು, ಮೇಲೆ ಒಂದೇ ಟೆಕ್ಸ್ಚರನ್ನು ಲೇಯರ್ ಮಾಸ್ಕ್ ಆಗಿ, ಅಂದರೆ ಅಕ್ಷರವನ್ನು ಅಳಿಸದೆ ಅಲ್ಲಲ್ಲಿ ಮರೆಮಾಡುವ ಪದರವಾಗಿ ಹಾಕಿ. ಇಂಪ್ಯಾಕ್ಟ್, ಫ್ರಾಂಕ್ಲಿನ್ ಗಾಥಿಕ್‌ನ ದಪ್ಪ ರೂಪ ಇಂಥವು ಒಳ್ಳೆಯ ತಳಪಾಯ. ಜೆಫ್ರಿ ಲೀ ರೂಪಿಸಿ 1965ರಲ್ಲಿ ಲೋಹದ ಮೊಳೆಯಾಗಿ ಬಂದ ಇಂಪ್ಯಾಕ್ಟ್‌ಗೆ ಒಳಬಯಲು ಕಡಿಮೆ, ಮೈ ಜಾಸ್ತಿ. ಟೆಕ್ಸ್ಚರ್ ಚೆನ್ನಾಗಿ ಕೂರುತ್ತದೆ.

ಮಾಸ್ಕ್ ದಾರಿಯಲ್ಲಿ ಇನ್ನೊಂದು ಲಾಭ ಇದೆ. ಪದ ಬದಲಾದರೂ, ಸವೆತ ಹೆಚ್ಚು ಕಡಿಮೆ ಮಾಡಬೇಕೆನಿಸಿದರೂ ಮೊದಲಿನಿಂದ ಶುರು ಮಾಡಬೇಕಿಲ್ಲ.

ಕನ್ನಡ ಅಕ್ಷರಗಳಿಗೆ ಈ ಬಗೆ ಹೊಂದುತ್ತದೆಯೇ?

ಖಂಡಿತ ಹೊಂದುತ್ತದೆ. ಆದರೆ ಇಂಗ್ಲಿಷಿನಲ್ಲಿ ಮಾಡಿದ್ದನ್ನು ಹಾಗೇ ತಂದರೆ ಕೆಡುತ್ತದೆ. ಕನ್ನಡದ ತೊಂದರೆಗಳು ಬೇರೆ.

ಮೊದಲನೆಯದು, ನಮ್ಮ ಅಕ್ಷರಗಳಲ್ಲಿ ಸಣ್ಣ ಗುರುತೊಂದು ಅಕ್ಷರವನ್ನೇ ಬದಲಿಸುತ್ತದೆ. ದ ಮತ್ತು ಧ ನಡುವೆ ಇರುವುದು ಹೊಟ್ಟೆ ಸೀಳಿದ ಒಂದು ಗೀಟು ಮಾತ್ರ. ಡ ಢ, ಪ ಫ ಜೋಡಿಗಳದ್ದೂ ಇದೇ ಕಥೆ. ದ ಅಕ್ಷರದ ಕೆಳಗೆ ಸರಿಯಾಗಿ ಆ ಜಾಗದಲ್ಲಿ ಒಂದು ಗೀರು ಬಿದ್ದರೆ ದನ ಹೋಗಿ ಧನ ಆಗಬಹುದು. ತಿರುಗಾ ಮುರುಗಾ ಧ ಅಕ್ಷರದ ಸೀಳು ಟೆಕ್ಸ್ಚರಿನಲ್ಲಿ ಮುಚ್ಚಿಹೋದರೆ ಧನ ಹೋಗಿ ದನ ಆಗುತ್ತದೆ. ಪ ಮತ್ತು ಷ ನಡುವೆ ಒಳಗಿನ ಒಂದು ಗೆರೆಯ ವ್ಯತ್ಯಾಸ. ಠ ಅಕ್ಷರದ ನಡುವಿನ ಚುಕ್ಕಿ ಉದುರಿಹೋದರೆ ಅದು ರ ಆಗಿ ಓದಿಸಿಕೊಳ್ಳುತ್ತದೆ. ಹಾಗಾಗಿ ಕನ್ನಡದಲ್ಲಿ ಸವೆತವನ್ನು ಎಲ್ಲಿ ಹಾಕಬೇಕು ಎಂಬುದಕ್ಕಿಂತ ಎಲ್ಲಿ ಹಾಕಬಾರದು ಎಂಬುದು ಮುಖ್ಯ. ಅಕ್ಷರವನ್ನು ಗುರುತಿಸುವ ಜಾಗಗಳನ್ನು ಮುಟ್ಟದೆ ಬಿಡಿ. ಹೊಟ್ಟೆಯ ಬದಿ, ತಲೆಕಟ್ಟಿನ ನಡುಭಾಗ, ದಪ್ಪ ತಿರುವುಗಳ ಮೈ ಇವನ್ನು ಧಾರಾಳವಾಗಿ ಸವೆಸಬಹುದು.

ಎರಡನೆಯದು ಒಳಬಯಲು. ಕನ್ನಡ ಅಕ್ಷರಗಳು ದುಂಡಗೆ ಸುತ್ತಿಕೊಳ್ಳುತ್ತವೆ. ದಪ್ಪ ಮಾಡಿದಂತೆ ಒಳಗಿನ ಜಾಗ ಬೇಗ ಮುಚ್ಚುತ್ತದೆ. ಜ, ಣ, ಈ, ಋ ಅಕ್ಷರಗಳನ್ನು ತೀರಾ ದಪ್ಪದಲ್ಲಿ ನೋಡಿದರೆ ಗೊತ್ತಾಗುತ್ತದೆ. ಅದರ ಮೇಲೆ ಕೊಳೆ ಚುಕ್ಕೆಯನ್ನೂ ಹಾಕಿದರೆ ಉಳಿಯುವುದು ಒಂದು ಉಂಡೆ. ಕನ್ನಡಕ್ಕೆ ಹೊರಗೆ ಕೊಳೆ ಏಳುವ ಜೆರಾಕ್ಸ್ ಬಗೆಗಿಂತ, ಒಳಗೆ ಬಿಳಿ ಚುಕ್ಕೆ ಬರುವ ಮರದಚ್ಚಿನ ಬಗೆಯೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು ಒತ್ತಕ್ಷರ. ಅವು ಮೂಲ ಅಕ್ಷರಕ್ಕಿಂತ ಚಿಕ್ಕವು. ಮೇಲಿನ ಅಕ್ಷರಕ್ಕೆ ಹಾಕಿದಷ್ಟೇ ಸವೆತ ಹಾಕಿದರೆ ಒತ್ತು ಕಾಣೆಯಾಗುತ್ತದೆ. ಒತ್ತಿಗೆ ಅರ್ಧ ಸಾಕು.

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ಇಲ್ಲದ ಕಾರಣ ಮೇಲೆ ಹೇಳಿದ ಶಿಫ್ಟ್ ಉಪಾಯ ಇಲ್ಲಿ ನಡೆಯುವುದಿಲ್ಲ. ಸ್ವಚ್ಛ ದಪ್ಪ ಕನ್ನಡ ಫಾಂಟ್ ತೆಗೆದುಕೊಂಡು ಮಾಸ್ಕ್ ಹಾಕುವುದೇ ಹೆಚ್ಚಿನವರಿಗೆ ಸುಲಭದ ದಾರಿ. ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ಮತ್ತು ‘ಅನೇಕ್ ಕನ್ನಡ’ ಎಂಬ ಫಾಂಟ್‌ಗಳು ಎರಡೂ ಉಚಿತವಾಗಿ ಸಿಗುತ್ತವೆ. ಬಾಲೂ ತಮ್ಮನ ಅಂಚುಗಳು ದುಂಡಗೆ, ಮೃದು. ಗಟ್ಟಿ ನೋಟಕ್ಕೆ ಅನೇಕ್ ಕನ್ನಡದ ಅತಿ ದಪ್ಪ ರೂಪ ನನಗೆ ಹೆಚ್ಚು ಇಷ್ಟ. ಅದರಲ್ಲಿ ಅಗಲವನ್ನೂ ಹೊಂದಿಸಿಕೊಳ್ಳಬಹುದು.

ಡಿಸೈನ್ ಸಾಫ್ಟ್‌ವೇರಿನಲ್ಲಿ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಫಾಂಟಿನ ತಪ್ಪೇ?

ಹೆಚ್ಚಿನ ಸಲ ಅಲ್ಲ. ಫೋಟೋಶಾಪ್‌ನಲ್ಲಿ ಪಠ್ಯ ಜೋಡಣೆಯ ಆಯ್ಕೆಯನ್ನು ವರ್ಲ್ಡ್ ರೆಡಿ ಲೇಔಟ್‌ಗೆ ಬದಲಿಸಿ. ನಂತರ ಫಾಂಟ್ ಯೂನಿಕೋಡ್ ಹೌದೇ ನೋಡಿ. ಎಲ್ಲ ಸರಿಯಾದ ಮೇಲೆ ಮಾತ್ರ ಔಟ್‌ಲೈನ್ ಮಾಡಿ. ಔಟ್‌ಲೈನ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ.

ಬಣ್ಣ, ಹಿನ್ನೆಲೆ ಹೇಗಿರಬೇಕು?

ಅಕ್ಷರದ ತೂತುಗಳ ಮೂಲಕ ಹಿನ್ನೆಲೆ ಇಣುಕುತ್ತದೆ ಎಂಬುದನ್ನು ಮರೆಯಬೇಡಿ. ಗದ್ದಲದ ಫೋಟೋ ಮೇಲೆ ಸವೆದ ಅಕ್ಷರ ಇಟ್ಟರೆ ಗೀರು ಯಾವುದು, ಫೋಟೋ ಯಾವುದು ತಿಳಿಯುವುದಿಲ್ಲ. ಒಂದೇ ಬಣ್ಣದ ಹಿನ್ನೆಲೆ ಅತ್ಯುತ್ತಮ. ಫೋಟೋ ಬೇಕೇ ಬೇಕು ಎಂದರೆ ಅದರ ಸಮತಟ್ಟಾದ ಭಾಗ ಹುಡುಕಿ.

ಬಣ್ಣಗಳ ವ್ಯತ್ಯಾಸವೂ ಜಾಸ್ತಿ ಇರಬೇಕು. ವೆಬ್ ಓದುವಿಕೆಯ ಡಬ್ಲ್ಯೂಸಿಎಜಿ ಮಾರ್ಗಸೂಚಿ ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ನಡುವೆ ದೊಡ್ಡ ಅಕ್ಷರಕ್ಕೆ ಕನಿಷ್ಠ 3:1, ಸಾಮಾನ್ಯ ಅಕ್ಷರಕ್ಕೆ 4.5:1 ಅನುಪಾತ ಹೇಳುತ್ತದೆ. ಸವೆದ ಅಕ್ಷರ ಎಷ್ಟೇ ದೊಡ್ಡದಾಗಿರಲಿ, 4.5:1 ಅನ್ನೇ ಕನಿಷ್ಠ ಎಂದುಕೊಳ್ಳಿ. ತೂತುಗಳು ಬಣ್ಣವನ್ನು ತೆಳುವಾಗಿಸುತ್ತವೆ. ಲೆಕ್ಕ ಹಾಕುವ ಸಾಧನಕ್ಕೆ ಆ ತೂತುಗಳು ಕಾಣುವುದಿಲ್ಲ.

ಶ್ಯಾಡೋ (ನೆರಳು), ಸ್ಟ್ರೋಕ್ (ಅಂಚಿನ ಗೆರೆ), ಬೆವೆಲ್ (ಉಬ್ಬಿದ ಅಂಚು) ಹಾಕಬಹುದೇ?

ಬೇಡ. ಸ್ಟ್ರೋಕ್ ಹಾಕಿದರೆ ಪ್ರತಿ ತೂತಿನ ಸುತ್ತಲೂ ಗೆರೆ ಬರುತ್ತದೆ. ಫಾಂಟನ್ನು ಅಡ್ಡಡ್ಡ ಎಳೆದು ಅಗಲ ಮಾಡುವುದೂ ಬೇಡ, ಗೀರುಗಳೂ ಎಳೆದುಕೊಂಡು ಹೋಗುತ್ತವೆ.

ಜೊತೆಗೆ ಯಾವ ಫಾಂಟ್ ಇಡಲಿ?

ಶಾಂತವಾದದ್ದು. ಶೀರ್ಷಿಕೆ ಒಂದು ಕಡೆ ಗದ್ದಲ ಮಾಡುತ್ತಿರುವಾಗ ಉಳಿದದ್ದು ಸುಮ್ಮನಿರಬೇಕು. ಸಾಧಾರಣ ತೂಕದ ಸ್ವಚ್ಛ ಸ್ಯಾನ್ಸ್, ಇಲ್ಲವೇ ಪುಸ್ತಕದಲ್ಲಿ ಕಾಣುವಂಥ ಸೆರಿಫ್. ಒಂದೇ ಪುಟದಲ್ಲಿ ಎರಡು ಸವೆದ ಫಾಂಟ್ ಇಟ್ಟರೆ ಎರಡೂ ಸೋಲುತ್ತವೆ.

ಮುದ್ರಣಕ್ಕೆ ಕಳಿಸುವಾಗ ಏನು ನೋಡಬೇಕು?

ಯಾವ ಬಗೆಯ ಮುದ್ರಣ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಟೀ ಶರ್ಟಿನ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ತೀರಾ ಸಣ್ಣ ಚುಕ್ಕೆಗಳು ಜಾಲರಿಯಲ್ಲಿ ನಿಲ್ಲುವುದಿಲ್ಲ, ತೀರಾ ಸಣ್ಣ ತೂತುಗಳು ಶಾಯಿಯಿಂದ ತುಂಬುತ್ತವೆ. ಸುಮಾರು 1 ಪಾಯಿಂಟ್, ಅಂದರೆ 0.35 ಮಿಲಿಮೀಟರಿಗಿಂತ ಸಣ್ಣದಾದುದನ್ನು ತೆಗೆದುಬಿಡಿ. ಹಾಗೆ ನೋಡಿದರೆ ಈ ಬಗೆಯ ಅಕ್ಷರಕ್ಕೆ ಬಟ್ಟೆಯೇ ಒಳ್ಳೆಯ ಮನೆ. ಒಗೆದು ಒಗೆದು ಬಣ್ಣ ಮಾಸಿದಂತೆಲ್ಲ ನಿಜವಾದ ಸವೆತವೂ ಜೊತೆಗೂಡುತ್ತದೆ.

ಆಫ್‌ಸೆಟ್‌ನಲ್ಲಿ ಅಕ್ಷರವನ್ನು ಒಂದೇ ಗಟ್ಟಿ ಬಣ್ಣದಲ್ಲಿ ಹಾಕಿಸಿ. ನಾಲ್ಕು ಬಣ್ಣ ಬೆರೆಸಿ ಮಾಡಿದ ತಿಳಿ ಛಾಯೆಯಾದರೆ ಅಕ್ಷರದ ಅಂಚು ಹಾಫ್‌ಟೋನ್ ಚುಕ್ಕೆಗಳಾಗಿ ಒಡೆಯುತ್ತದೆ, ಸಣ್ಣ ಗೀರುಗಳು ಕಳೆದುಹೋಗುತ್ತವೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಡಿಸುವಾಗ ಶಾಯಿ ಒಳಕ್ಕೆ ಹರಡುವುದರಿಂದ ಅಕ್ಷರ ಇನ್ನಷ್ಟು ತೆಳುವಾಗುತ್ತದೆ. ಅಲ್ಲಿ ಕಡಿಮೆ ಸವೆದ ರೂಪ ಆರಿಸಿ.

ವಿನೈಲ್ ಕತ್ತರಿಸುವ ಯಂತ್ರಕ್ಕೆ ಈ ಫಾಂಟ್ ಕೊಡಬೇಡಿ. ಪ್ರತಿ ಚುಕ್ಕೆಯ ಸುತ್ತಲೂ ಬ್ಲೇಡ್ ಓಡುತ್ತದೆ. ಆಮೇಲೆ ಬೇಡದ ವಿನೈಲನ್ನು ಚಿಮುಟದಿಂದ ಒಂದೊಂದೇ ಕೀಳಬೇಕು, ಬೇಕಾದ ಚೂರುಗಳೂ ಜೊತೆಗೇ ಎದ್ದು ಬರುತ್ತವೆ. ಕಸೂತಿ, ಫಾಯಿಲ್ ಮುದ್ರಣಕ್ಕೂ ಇದೇ ಮಾತು. ಇಂಥ ಕಡೆ ಅದೇ ಫಾಂಟಿನ ಸ್ವಚ್ಛ ರೂಪ ಬಳಸಿ. ಹಲವು ಫಾಂಟ್ ಕುಟುಂಬಗಳಲ್ಲಿ ಸ್ವಚ್ಛ ಮತ್ತು ಸವೆದ ಎರಡೂ ರೂಪ ಇರುತ್ತವೆ. ಕೊಳ್ಳುವಾಗ ಎರಡೂ ಇರುವುದನ್ನೇ ಆರಿಸಿ.

ಈ ಫಾಂಟ್ ಹಾಕಿದ ಕೂಡಲೇ ಕಂಪ್ಯೂಟರ್ ನಿಧಾನವಾಗುತ್ತದೆ. ಯಾಕೆ?

ಸ್ವಚ್ಛ ಸ್ಯಾನ್ಸ್ ಅಕ್ಷರವೊಂದನ್ನು ಬರೆಯಲು ಕೆಲವೇ ಪಾಯಿಂಟ್‌ಗಳು ಸಾಕು. ಇಲ್ಲಿ ಪಾಯಿಂಟ್ ಎಂದರೆ ಅಳತೆಯಲ್ಲ, ಆಕೃತಿಯ ಗೆರೆಯನ್ನು ಹಿಡಿದಿಡುವ ಬಿಂದು. ನೆಟ್ಟಗಿನ ಒಂದು ಕಂಬ ಬರೆಯಲು ನಾಲ್ಕು. ಸವೆದ ಅಕ್ಷರಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಪಾಯಿಂಟ್‌ಗಳು ಬೇಕು. ಪ್ರತಿ ತೂತೂ ಒಂದು ಬೇರೆ ಆಕೃತಿ. ಇಡೀ ಪ್ಯಾರಾಗ್ರಾಫ್ ಹಾಕಿದರೆ ಲಕ್ಷಗಟ್ಟಲೆ ಆಗುತ್ತದೆ. ಹಾಗಾಗಿ ಪದವನ್ನು ಅಂತಿಮಗೊಳಿಸಿ, ಒಂದು ಪ್ರತಿ ತೆಗೆದಿಟ್ಟು, ಔಟ್‌ಲೈನ್ ಮಾಡಿ, ಸಿಂಪ್ಲಿಫೈ ಆಯ್ಕೆಯಿಂದ ಪಾಯಿಂಟ್ ಕಡಿಮೆ ಮಾಡಿ.

ವೆಬ್‌ನಲ್ಲಿ ಬಳಸಬಹುದೇ?

ಶೀರ್ಷಿಕೆಗೆ ಬಳಸಬಹುದು. ಪಾಯಿಂಟ್‌ಗಳು ಜಾಸ್ತಿ ಇರುವುದರಿಂದ ಫೈಲ್ ದೊಡ್ಡದಾಗಿರುತ್ತದೆ. ವಾಫ್ 2 ಎಂಬ, ವೆಬ್‌ಗಾಗಿ ಕುಗ್ಗಿಸಿದ ಫಾಂಟ್ ಫೈಲ್ ರೂಪಕ್ಕೆ ಬದಲಿಸಿ, ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿಕೊಳ್ಳಿ. ಕನ್ನಡದಲ್ಲಿ ಹೀಗೆ ಕತ್ತರಿಸುವಾಗ ಒತ್ತಕ್ಷರ ಜೋಡಿಸುವ ಒಳ ನಿಯಮಗಳು ಹೋಗದಂತೆ ನೋಡಿಕೊಳ್ಳಿ.

ಒಂದೇ ಪದಕ್ಕಾಗಿ ಇಡೀ ಫಾಂಟ್ ಇಳಿಸುವ ಬದಲು ಎಸ್‌ವಿಜಿ ಚಿತ್ರ ಮಾಡಿ ಇಡುವುದೂ ಸರಿ. ಆಗ ಪರ್ಯಾಯ ಪಠ್ಯ ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಅಲ್ಲಿ ಶೀರ್ಷಿಕೆಯೇ ಇರುವುದಿಲ್ಲ.

ಉಚಿತ ಎಂದು ಬರೆದಿದೆ. ವ್ಯಾಪಾರಕ್ಕೆ ಬಳಸಬಹುದೇ?

ಲೈಸೆನ್ಸ್ ಫೈಲ್ ತೆರೆದು ಓದಿ. ಸವೆದ ಫಾಂಟ್‌ಗಳಲ್ಲಿ ಬಹಳಷ್ಟು ಸ್ವಂತ ಬಳಕೆಗೆ ಮಾತ್ರ ಉಚಿತ. ಟೀ ಶರ್ಟ್ ಮಾರುವುದು, ಗಿರಾಕಿಗೆ ಪೋಸ್ಟರ್ ಮಾಡಿಕೊಡುವುದು ಸ್ವಂತ ಬಳಕೆಯಲ್ಲ. ವೆಬ್, ಆ್ಯಪ್, ಡೆಸ್ಕ್‌ಟಾಪ್‌ಗೆ ಬೇರೆ ಬೇರೆ ಲೈಸೆನ್ಸ್ ಇರುವುದೂ ಸಾಮಾನ್ಯ.

ಎಸ್‌ಐಎಲ್ ಸಂಸ್ಥೆಯ ಓಪನ್ ಫಾಂಟ್ ಲೈಸೆನ್ಸ್ ಇದ್ದರೆ ವ್ಯಾಪಾರಕ್ಕೂ ಬಳಸಬಹುದು, ತಿದ್ದಲೂಬಹುದು. ಫಾಂಟನ್ನೇ ಒಂಟಿಯಾಗಿ ಮಾರುವಂತಿಲ್ಲ. ತಿದ್ದಿ ಹಂಚುವುದಾದರೆ ಅದೇ ಲೈಸೆನ್ಸಿನಲ್ಲಿ ಹಂಚಬೇಕು, ಮೂಲ ಕರ್ತೃ ಹೆಸರನ್ನು ಕಾದಿರಿಸಿದ್ದರೆ ಹೊಸ ಹೆಸರು ಇಡಬೇಕು.

ಒಳ್ಳೆಯ ಸವೆದ ಫಾಂಟ್ ಗುರುತಿಸುವುದು ಹೇಗೆ?

ಒಂದೇ ಅಕ್ಷರವನ್ನು ಐದಾರು ಸಲ ಟೈಪ್ ಮಾಡಿ ನೋಡಿ. ಬದಲಿ ರೂಪ ಇದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಬೇರೆ ಬೇರೆ ಅಕ್ಷರಗಳನ್ನು ಪಕ್ಕಪಕ್ಕ ಇಡಿ. ಎಲ್ಲದರ ಎಡ ಮೂಲೆಯಲ್ಲೂ ಒಂದೇ ಕಲೆ ಇದ್ದರೆ, ಒಂದೇ ಟೆಕ್ಸ್ಚರನ್ನು ಎಲ್ಲಕ್ಕೂ ಒತ್ತಿ ಕೈತೊಳೆದುಕೊಂಡಿದ್ದಾರೆ ಎಂದರ್ಥ.

ಕೊನೆಗೆ ತುಂಬ ದೊಡ್ಡದು ಮಾಡಿ ಅಂಚನ್ನು ನೋಡಿ. ಕೈಯಿಂದ ತಿದ್ದಿದ ಫಾಂಟಿನಲ್ಲಿ ಎಲ್ಲೋ ಚೂಪು, ಎಲ್ಲೋ ಮೊಂಡು, ಎಲ್ಲೋ ಪೂರಾ ಸ್ವಚ್ಛ ಗೆರೆ ಇರುತ್ತದೆ. ಸ್ಕ್ಯಾನನ್ನು ಆಟೋ ಟ್ರೇಸ್ ಮಾಡಿ (ಚಿತ್ರವನ್ನು ಸಾಫ್ಟ್‌ವೇರೇ ಗೆರೆಗಳಾಗಿ ಬದಲಿಸುವುದು) ಹಾಗೇ ಬಿಟ್ಟದ್ದರಲ್ಲಿ ಎಲ್ಲ ಅಂಚೂ ಒಂದೇ ತರ ಕರಗಿದಂತೆ ಇರುತ್ತದೆ. ಆ ಸ್ವಚ್ಛ ಗೆರೆಯೇ ನನಗೆ ಮುಖ್ಯ ಗುರುತು. ನಿಜವಾದ ವಸ್ತು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ. ಕೈ ತಾಗುವ ಕಡೆ, ಉಜ್ಜುವ ಕಡೆ, ಮೂಲೆಯಲ್ಲಿ ಮಾತ್ರ ಸವೆಯುತ್ತದೆ.

ನಾನೇ ಒಂದು ಮಾಡಬಹುದೇ?

ಮಾಡಿ. ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಮೊದಲು ದಪ್ಪ ಅಕ್ಷರಗಳನ್ನು ನೀವೇ ಬರೆದುಕೊಳ್ಳಿ, ಇಲ್ಲವೇ ತಿದ್ದಲು ಅನುಮತಿ ಇರುವ ಫಾಂಟ್ ತೆಗೆದುಕೊಳ್ಳಿ. ಅವನ್ನು ನಿಜವಾಗಿ ಸವೆಸಿ. ಲಿನೋ ಹಾಳೆಯಲ್ಲಿ ಕೊರೆದು ಕಡಿಮೆ ಶಾಯಿ ಹಚ್ಚಿ ಒತ್ತಬಹುದು. ಪ್ರಿಂಟ್ ತೆಗೆದು ಮಡಚಿ, ಮರಳುಕಾಗದದಿಂದ ಉಜ್ಜಬಹುದು. ಪ್ರತಿ ಅಕ್ಷರಕ್ಕೂ ಎರಡು ಮೂರು ಪ್ರತಿ ಮಾಡಿ, ಬದಲಿ ರೂಪಗಳಿಗೆ ಬೇಕಾಗುತ್ತದೆ. ಆಮೇಲೆ 600 ಅಥವಾ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಕಪ್ಪು ಬಿಳುಪಿಗೆ ಇಳಿಸಿ, ಟ್ರೇಸ್ ಮಾಡಿ. ಟ್ರೇಸ್ ಆದ ಮೇಲೆಯೇ ನಿಜವಾದ ಕೆಲಸ ಶುರು. ಬೇಡದ ಪಾಯಿಂಟ್ ತೆಗೆಯಬೇಕು, ಧೂಳಿನ ಚುಕ್ಕೆ ಅಳಿಸಬೇಕು, ಅಕ್ಷರದ ಗುರುತು ಕೆಟ್ಟಿದ್ದರೆ ಮತ್ತೆ ಕಟ್ಟಬೇಕು.

ಫಾಂಟ್ ಮಾಡಲು ಫಾಂಟ್‌ಫೋರ್ಜ್ ಉಚಿತವಾಗಿ ಸಿಗುತ್ತದೆ. ಗ್ಲಿಫ್ಸ್, ಫಾಂಟ್‌ಲ್ಯಾಬ್ ಹಣ ಕೊಟ್ಟು ಕೊಳ್ಳುವಂಥವು. ಒಂದು ತಾಂತ್ರಿಕ ವಿಷಯ ಮಾತ್ರ ಮೊದಲೇ ತಿಳಿದಿರಲಿ. ಹೊರ ಗೆರೆ ಒಂದು ದಿಕ್ಕಿನಲ್ಲಿ ಸುತ್ತಿದರೆ ಒಳಗಿನ ತೂತಿನ ಗೆರೆ ಅದರ ಎದುರು ದಿಕ್ಕಿನಲ್ಲಿ ಸುತ್ತಬೇಕು. ಎರಡೂ ಒಂದೇ ದಿಕ್ಕಿಗಿದ್ದರೆ ತೂತು ಮುಚ್ಚಿಹೋಗಿ ಅಕ್ಷರ ಮತ್ತೆ ಇಡಿಯಾಗಿ ಬರುತ್ತದೆ. ಈ ಸಾಫ್ಟ್‌ವೇರುಗಳಲ್ಲಿ ಗೆರೆಗಳ ದಿಕ್ಕು ಸರಿಪಡಿಸುವ ಆಜ್ಞೆ ಇರುತ್ತದೆ. ಫಾಂಟ್ ಹೊರಗೆ ತೆಗೆಯುವ ಮೊದಲು ಎಲ್ಲ ಅಕ್ಷರಗಳನ್ನೂ ಆಯ್ಕೆ ಮಾಡಿ ಅದನ್ನು ಒಮ್ಮೆ ಓಡಿಸಿ.